ಟಿಬಿ ಇತ್ತು ಎಂದು ಹೇಳುವಾಗ ಜೊತೆಗೆ ನಿಂತವರಿಗೆ

ಕೆನಡಾದ ಪಿಆರ್, ಅಂದರೆ ಅಲ್ಲೇ ಕಾಯಂ ನೆಲೆಸುವ ಅನುಮತಿ, ಬಂತು. ಯಜಮಾನರಿಗೂ ನನಗೂ ಒಟ್ಟಿಗೇ ಬಂತು. ಫೋನ್ ಮಾಡಿ, ಮನೆಗೇ ಬಂದು ಖುಷಿಪಟ್ಟ ಉಡುಪಿಯ ಎಲ್ಲರಿಗೂ ಥ್ಯಾಂಕ್ಸ್. ಕೆಲವರಿಗೆ ಮಾತ್ರ ಅಷ್ಟು ಹೇಳಿದರೆ ಸಾಲದು. ಯಾಕೆ ಎಂದು ತಿಳಿಯಬೇಕಾದರೆ ಒಂದು ವಿಷಯ ಮೊದಲೇ ಹೇಳಬೇಕು. 2019ರಲ್ಲಿ ನನಗೆ ಶ್ವಾಸಕೋಶದ ಟಿಬಿ ಬಂದಿತ್ತು. 6 ತಿಂಗಳು ಮದ್ದು ಮಾಡಿದೆ, ಪೂರ್ತಿ ಗುಣವಾಯಿತು. ನಮ್ಮಲ್ಲಿ ಈ ಕಾಯಿಲೆಯ ಹೆಸರನ್ನು ಈಗಲೂ ಪಿಸುಮಾತಿನಲ್ಲಿ ಹೇಳುತ್ತಾರೆ. ನಾನು ಇಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದೇನೆ.

ನಮ್ಮ ಆಶಾ ಕಾರ್ಯಕರ್ತೆ ಅಕ್ಕ, ನಿಮಗೆ ಮೊದಲ ನಮಸ್ಕಾರ. ಮದ್ದು ಸುರು ಮಾಡಿದ ಹೊಸತರಲ್ಲಿ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ನಾನು ಅಳುತ್ತಾ ಕೂತಿದ್ದಾಗ, "ರಕ್ತ ಅಲ್ಲ ಮಾರಾಯ್ತಿ, ಅದು ರಿಫಾಂಪಿಸಿನ್ ಮಾತ್ರೆಯ ಬಣ್ಣ" ಎಂದು ಪಕ್ಕದಲ್ಲೇ ಕೂತು ವಿವರಿಸಿದಿರಿ. ಮೊದಲ 2 ತಿಂಗಳು ನಾಲ್ಕು ಬಗೆಯ ಮದ್ದು, ಮುಂದಿನ 4 ತಿಂಗಳು ಮೂರು ಬಗೆಯದ್ದು. ಕೆಮ್ಮು ನಿಂತು ಮೈ ಹಗುರಾದ ಕೂಡಲೇ ಇನ್ನು ಸಾಕು ಅನ್ನಿಸುತ್ತದೆ. ಆಗ ನೀವು ಬಿಡಲಿಲ್ಲ. ನುಂಗಿದ ಮಾತ್ರೆಗೆಲ್ಲ ಕಾರ್ಡಿನಲ್ಲಿ ಗುರುತು ಹಾಕಿಸಿದಿರಿ. ಪೌಷ್ಟಿಕ ಆಹಾರಕ್ಕೆ ಸರ್ಕಾರ ಆಗ ಕೊಡುತ್ತಿದ್ದ ತಿಂಗಳ 500 ರೂಪಾಯಿ ಖಾತೆಗೆ ಬಿತ್ತಾ ಅಂತಲೂ ಕೇಳುತ್ತಿದ್ದಿರಿ. ಬದಿಗಳು ಹಳದಿಯಾದ ಆ ಕಾರ್ಡೇ ಈ ಸಲ ನನ್ನ ದೊಡ್ಡ ದಾಖಲೆ.

ಇನ್ನು ಅತ್ತೆ. ಮದುವೆ ಮಾತುಕತೆಗೆ ಬಂದ ದಿನವೇ ಅಪ್ಪ ವಿಷಯ ತಿಳಿಸಿದ್ದರು. ಎಷ್ಟು ಮನೆಗಳಲ್ಲಿ ಅಲ್ಲಿಗೇ ಸಂಬಂಧ ಮುರಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ಅತ್ತೆ ಕೇಳಿದ್ದು ಒಂದೇ ಮಾತು: "ಮದ್ದು ಪೂರ್ತಿ ಮಾಡಿದ್ದಾಳಲ್ವಾ? ಮತ್ತೆಂತ ಉಂಟು?"

ಪಿಆರ್‌ಗೆ ಹಾಕುವಾಗ ಮಂಗಳೂರಿನ ಒಬ್ಬ ಏಜೆಂಟ್ ಬೇರೆ ದಾರಿ ಹೇಳಿದ. "ಹಳೇ ಕಾಯಿಲೆ ಅಲ್ವಾ, ಸುಮ್ನೆ ಎಂತಕ್ಕೆ ಹೇಳುವುದು? ಇಲ್ಲ ಅಂತ ಹೇಳಿಬಿಡಿ." ನೆಂಟರಲ್ಲೂ ಕೆಲವರು ಅದನ್ನೇ ಹೇಳಿದರು. ನಮ್ಮ ಮೇಲಿನ ಪ್ರೀತಿಗೇ ಹೇಳಿದ್ದು, ಅವರ ಮೇಲೆ ಬೇಸರ ಇಲ್ಲ. ಆದರೆ ಅತ್ತೆ ಊಟಕ್ಕೆ ಬಡಿಸುತ್ತಾ ಹೇಳಿದರು: "ನಮ್ಮ ಮನೆಗೇ ಹೇಳಿ ಬಂದವಳು ನೀನು. ಅವರಿಗೆ ಹೇಳಲಿಕ್ಕೆ ಎಂತ ಹೆದರಿಕೆ?" ಆ ಮಾತು ನನಗೆ ಕೊಟ್ಟ ಧೈರ್ಯ ಎಷ್ಟು ಎಂದು ಅತ್ತೆಗೇ ಗೊತ್ತಿರಲಿಕ್ಕಿಲ್ಲ.

ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯ ಟಿಬಿ ವಿಭಾಗದ ಡಾಕ್ಟರಿಗೆ ನಾನು ಋಣಿ. ಹಳೆಯ ರಿಜಿಸ್ಟರ್ ಹುಡುಕಿಸಿ, ಚಿಕಿತ್ಸೆ ಮುಗಿದ ಪ್ರಮಾಣಪತ್ರ ಬರೆದುಕೊಟ್ಟರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಲಗಡೆ ಮೇಲಿದ್ದ ಸಣ್ಣ ಬಿಳಿ ಗೀರು ತೋರಿಸಿದರು. ಗಾಯ ಮಾಗಿದ ಕಲೆ ಅದು, ಹೋಗುವುದಿಲ್ಲ. ಇಲ್ಲ ಎಂದು ಹೇಳಿದರೂ ಎಕ್ಸ್‌ರೇ ಹೇಳಿಯೇ ಹೇಳುತ್ತದೆ. ಹಳೆಯ ಫಿಲ್ಮ್ ಪಕ್ಕದಲ್ಲಿಟ್ಟು ನೋಡಿ ಕಲೆ ಹಾಗೇ ಇದೆ ಎಂದಾದರೆ, ಕಾಯಿಲೆ ಈಗ ಸಕ್ರಿಯವಾಗಿಲ್ಲ ಎನ್ನುವುದಕ್ಕೆ ಅದು ಒಳ್ಳೆಯ ಆಧಾರ. ನಮ್ಮಮ್ಮ ಆ ಫಿಲ್ಮನ್ನು ಮಡಚದ ಹಾಗೆ ಹಾಸಿಗೆಯಡಿ ಇಟ್ಟು, ಪ್ರತಿ ಮಳೆಗಾಲ ಹೊರತೆಗೆದು ಬೂಷ್ಟು ಒರೆಸುತ್ತಿದ್ದರು. ಅಮ್ಮಾ, ಏನೆಂದು ಹೇಳಲಿ ನಿಮಗೆ.

ಬೆಂಗಳೂರಿನಲ್ಲಿ ಕೆನಡಾ ಸರ್ಕಾರ ನೇಮಿಸಿದ ಪ್ಯಾನೆಲ್ ಡಾಕ್ಟರ್ ಹತ್ತಿರ ಎಲ್ಲ ಕಾಗದ ಇಟ್ಟೆ. ವೀಸಾ ಕೊಡುವುದು, ಬಿಡುವುದು ಅವರ ಕೈಯಲ್ಲಿಲ್ಲ. ಪರೀಕ್ಷೆ ಮಾಡಿ ವರದಿ ನೇರ ಅಲ್ಲಿಗೆ ಕಳಿಸುತ್ತಾರೆ, ಅಷ್ಟೆ. ನನಗೆ ಮೂರು ದಿನದ ಕಫ ಪರೀಕ್ಷೆ ಬರೆದರು. ಕಫದಲ್ಲಿ ಟಿಬಿ ರೋಗಾಣು ಬೆಳೆಯುತ್ತದಾ ಎಂದು ನೋಡುವ ಕಲ್ಚರ್ ವರದಿಗೆ 8 ವಾರದವರೆಗೆ ಕಾಯಬೇಕು. ಆ ಕಾಯುವಿಕೆ ಸುಲಭ ಇರಲಿಲ್ಲ. ಕಫ ಕೊಡುವ ದಿನಗಳಲ್ಲಿ ಚಿಕ್ಕಮ್ಮ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಸಣ್ಣ ಮಕ್ಕಳಿರುವ ಮನೆ. 2019ರಲ್ಲಿ ನನಗೆ ಬೇರೆ ಲೋಟ ಇಟ್ಟ ಮನೆಗಳೂ ಇವೆ. ಚಿಕ್ಕಮ್ಮ ತಮ್ಮ ಮಗಳನ್ನು ನನ್ನ ಪಕ್ಕದಲ್ಲೇ ಮಲಗಿಸಿದರು. ವರದಿ ನೆಗೆಟಿವ್ ಬಂತು.

ಹೊರದೇಶಕ್ಕೆ ಹೊರಟ ನಮ್ಮ ಕರಾವಳಿಯ ಮಕ್ಕಳಿಗೆ ಇದನ್ನೂ ಹೇಳಬೇಕು. ಗುಣವಾದ ಟಿಬಿಯ ಕಾರಣಕ್ಕೆ ಕೆನಡಾ ಬಾಗಿಲು ಹಾಕುವುದಿಲ್ಲ. ಸಕ್ರಿಯವಾಗಿದ್ದರೂ ಚಿಕಿತ್ಸೆ ಮುಗಿಯುವವರೆಗೆ ಅರ್ಜಿ ತಡೆದಿಡುತ್ತಾರೆ. ಆದರೆ ಮುಖ್ಯ ವಿಷಯ ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ 5 ವರ್ಷ ನಿಷೇಧ. ಪಿಆರ್ ಸಿಕ್ಕಿದ ಮೇಲೆ ಗೊತ್ತಾದರೂ ಅದು ಕೈತಪ್ಪಬಹುದು. ಶುಗರ್, ಬಿಪಿ ಇದ್ದವರೂ ತುಂಬಾ ಹೆದರುತ್ತಾರೆ. ಅಲ್ಲಿ ನೋಡುವುದು ಆರೋಗ್ಯ ಸೇವೆಗೆ ಅತಿಯಾದ ಖರ್ಚು ಬೀಳುತ್ತದಾ ಎಂದು. ಆ ಖರ್ಚಿನ ಮಿತಿಯನ್ನೂ 2018ರಲ್ಲಿ ಮೂರು ಪಟ್ಟು ಮಾಡಿದ್ದಾರೆ. ಸಂದೇಹ ಬಂದರೆ ತಿರಸ್ಕರಿಸುವ ಮೊದಲು ಪತ್ರ ಬರೆದು ಉತ್ತರ ಕೇಳುತ್ತಾರೆ. ಉತ್ತರ ಕೊಡಲು ಕಾಗದ ಬೇಕು. ನನ್ನ ಕೈಯಲ್ಲಿದ್ದ ಒಂದೊಂದು ಕಾಗದವನ್ನೂ ಮೇಲೆ ಹೇಳಿದವರೇ ಕೊಟ್ಟದ್ದು, ಕಾಪಾಡಿದ್ದು.

ಅಲ್ಲಿಗೆ ಹೋಗಿ 30 ದಿನದೊಳಗೆ ಸಾರ್ವಜನಿಕ ಆರೋಗ್ಯ ಇಲಾಖೆಯನ್ನು ಸಂಪರ್ಕಿಸಬೇಕು ಎಂಬ ಸೂಚನೆಯೂ ಬಂದಿದೆ. ಖಂಡಿತ ಮಾಡುತ್ತೇನೆ. ಮಳೆ ಸುರುವಾಗುವ ಮೊದಲು ಹೊರಡುತ್ತೇವೆ. ಅಷ್ಟರೊಳಗೆ ಇದೇ ಚಿಂತೆಯಲ್ಲಿರುವ ಪರಿಚಯದವರು ಯಾರಾದರೂ ಇದ್ದರೆ ಮನೆಗೆ ಬನ್ನಿ. ಫೈಲ್ ತೆಗೆದು ಯಾವ ಕಾಗದ ಎಂತಕ್ಕೆ ಬೇಕು ಎಂದು ತೋರಿಸುತ್ತೇನೆ.