ಮಾಳಿಗೆಗೆ ಗಿಟಾರ್ ಬಂದರೆ ತಪ್ಪೇನು?

ಮಾನ್ಯರೇ,

ಹಳೆ ಹಾಡನ್ನು ಈಗಿನವರು ಹಾಡಿದರೆ ಸಾಕು, 'ಹಾಳು ಮಾಡಿಬಿಟ್ಟರು' ಅನ್ನುವ ಮಾತು ಬರುತ್ತದೆ. ಇಂಥ ಕವರ್ ಹಾಡುಗಳೆಲ್ಲ ಚೆನ್ನಾಗಿರುತ್ತವೆ ಅಂತ ನಾನೂ ಹೇಳುವುದಿಲ್ಲ. ಸುಮ್ನೆ ಡ್ರಮ್ ಬಡಿದು ಸಾಹಿತ್ಯವೇ ಕೇಳಿಸದ ಹಾಗೆ ಮಾಡುವವರೂ ಇದ್ದಾರೆ. ಆದರೆ ರಘು ದೀಕ್ಷಿತ್ ಹಾಡಿದ 'ಸೋರುತಿಹುದು ಮನಿಯ ಮಾಳಿಗಿ' ಒಮ್ಮೆ ಕೇಳಿ.

ಈ ಪದ ಬರೆದ ಸಂತಕವಿ ಶಿಶುನಾಳ ಷರೀಫರೆಂದರೆ ನಮ್ಮ ಮನೆಯಲ್ಲಿ ಸಿ. ಅಶ್ವಥ್ ಅವರ ದನಿ. ಬೇರೆ ಮಾತೇ ಇಲ್ಲ. ಕ್ಯಾಸೆಟ್‌ನ ರೀಲು ಸಿಕ್ಕಿಕೊಂಡಾಗ ಪೆನ್ಸಿಲ್ ತೂರಿಸಿ ಸುತ್ತುವುದು ನನ್ನ ಕೆಲಸವಾಗಿತ್ತು. ಅದೇ ಪದವನ್ನು ರಘು ಅವರ 2008ರ ಆಲ್ಬಂನಲ್ಲಿ ಕೇಳಿದಾಗ ಮೊದಲು ನನಗೂ ಸಿಟ್ಟೇ ಬಂತು. ನಾಲ್ಕನೇ ಸಲ ಹಾಕಿದಾಗ ನೋಡಿದರೆ, ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಅಪ್ಪನ ಬೆರಳು ಕುರ್ಚಿಯ ಕೈ ಮೇಲೆ ತಾಳ ಹಾಕುತ್ತಿತ್ತು!

ಮೈಸೂರಿನ ಈ ಗಾಯಕ ಓದಿದ್ದು ಮೈಕ್ರೊಬಯಾಲಜಿ, ಕಲಿತದ್ದು ಭರತನಾಟ್ಯ. ಸಿನಿಮಾಗಳಿಗೂ ಸಂಗೀತ ಕೊಟ್ಟರು. ಬಣ್ಣದ ಲುಂಗಿ ಉಟ್ಟು, ಗೆಜ್ಜೆ ಕಟ್ಟಿ ಗಿಟಾರ್ ಹಿಡಿದರೆ ಪಕ್ಕದಲ್ಲಿ ಪಿಟೀಲಿನವರೂ ಕುಣಿಯುತ್ತಾರೆ. 2011ರಲ್ಲಿ ರಘು ಅವರ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಹಾಡಿ ಬಂತು. ಷರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದ ಇವತ್ತು ಕಾಲೇಜು ಹುಡುಗರ ಬಾಯಲ್ಲಿದೆ ಅಂದರೆ ಅದರಲ್ಲಿ ಇಂಥವರ ಪಾಲೂ ಇದೆ, ಅಲ್ವಾ?

ನನ್ನದು ಒಂದೇ ತಕರಾರು. ಹೊಸಬರು ಕವರ್ ಹಾಡಿ ಯೂಟ್ಯೂಬಿಗೆ ಹಾಕುವಾಗ ಕ್ಯಾಮೆರಾದವರ ಹೆಸರು ಕೂಡ ಇರುತ್ತದೆ, ಪದ ಬರೆದವರದ್ದು ಇರುವುದಿಲ್ಲ. ದಯವಿಟ್ಟು ಅದೊಂದು ಸಾಲು ಹಾಕಿ.

– ಒಬ್ಬ ಓದುಗ, ಮೈಸೂರು