ಲಂಕಾ ಒಪ್ಪಂದ ಇರಲಿ, ವಿಯೆಟ್ನಾಂ ಮೆಣಸಿಗೆ ಕಳ್ಳದಾರಿ ಬೇಡ

ಸಂಪಾದಕರೇ,

ಕಾಳುಮೆಣಸಿನ ರೇಟು ಬಿದ್ದಾಗಲೆಲ್ಲ ನಮ್ಮ ಕಡೆ ಒಂದೇ ಮಾತು, ಶ್ರೀಲಂಕಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ ರದ್ದು ಮಾಡ್ಬೇಕು ಅಂತ. ನಾನೂ ಮೆಣಸು ಬೆಳೆಯೋನೇ, ಆದ್ರೂ ಇದು ನಂಗೆ ಒಪ್ಪಿಗೆ ಇಲ್ಲ.

1998ರಲ್ಲಿ ಸಹಿ ಬಿದ್ದು 2000ದಿಂದ ಜಾರಿಯಲ್ಲಿರೋ ಆ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ ಮೆಣಸು ಸುಂಕ ಇಲ್ದೆ ಬರಬಹುದು, ಅದಕ್ಕಿಂತ ಜಾಸ್ತಿ ಬಂದ್ರೆ ಸಾಫ್ಟಾ (ದಕ್ಷಿಣ ಏಷ್ಯಾದ ಸಾರ್ಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದ) ಪ್ರಕಾರ ಶೇ 8 ಸುಂಕ. ಅದೇ ವಿಯೆಟ್ನಾಂದು ನೇರವಾಗಿ ಬಂದ್ರೆ ಆಗ್ನೇಯ ಏಷ್ಯಾ ದೇಶಗಳ ಆಸಿಯಾನ್ ಗುಂಪಿನ ಜೊತೆ ನಮ್ಮ ವ್ಯಾಪಾರ ಒಪ್ಪಂದ ಇದ್ರೂ ಶೇ 50ರ ಆಸುಪಾಸು ಸುಂಕ ಕಟ್ಬೇಕು. ಇಷ್ಟು ಅಂತರ ಇರೋವಾಗ ವಿಯೆಟ್ನಾಂ ಮಾಲನ್ನ ಕೊಲಂಬೋಲಿ ಇಳಿಸಿ, ಲಂಕಾದ್ದು ಅಂತ ಸರ್ಟಿಫಿಕೇಟ್ ಮಾಡಿಸಿ ಇಲ್ಲಿಗೆ ಸಾಗಿಸೋರು ಹುಟ್ಕೊಳ್ದೆ ಇರ್ತಾರಾ? ಬೆಳೆಗಾರರ ಸಂಘಗಳು ವರ್ಷಗಳಿಂದ ಕೂಗ್ತಿರೋದು ಇದನ್ನೇ.

2017ರ ಡಿಸೆಂಬರಲ್ಲಿ ಕೇಂದ್ರ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಇಟ್ಟಿದ್ದು ಒಳ್ಳೇದೇ, ಆದ್ರೆ ಸುಂಕಾನೇ ಇಲ್ಲದ ಮಾಲಿಗೆ ಬಿಲ್ಲಲ್ಲಿ ಜಾಸ್ತಿ ಬೆಲೆ ಬರೆಸಿದ್ರೆ ತರೋನಿಗೆ ಏನು ನಷ್ಟ? 2020ರ ಸೆಪ್ಟೆಂಬರಿಂದ ಬರೀ ಸರ್ಟಿಫಿಕೇಟ್ ಸಾಲದು, ಮಾಲು ಎಲ್ಲಿಂದು ಅನ್ನೋ ಮಾಹಿತಿ ಆಮದುದಾರನ ಹತ್ರಾನೂ ಇರ್ಬೇಕು ಅಂತ ಕಸ್ಟಮ್ಸ್ ರೂಲ್ ಬಂದಿದೆ. ಅದನ್ನ ಬಂದರಲ್ಲಿ ಗಟ್ಟಿಯಾಗಿ ಕೇಳ್ಬೇಕು ಅಷ್ಟೆ.

ಲಂಕಾದ ಮಾತಳೆ, ಕ್ಯಾಂಡಿ ಕಡೆ ಮೆಣಸು ಬೆಳೆಯೋರೂ ನಮ್ಮಂಥ ಸಣ್ಣ ರೈತರೇ. ಅವರ ಮೆಣಸಲ್ಲಿ ಖಾರದ ಅಂಶ ಜಾಸ್ತಿ, ಮೆಣಸಿಂದ ಓಲಿಯೋರೆಸಿನ್ ಅನ್ನೋ ಸತ್ವ ತೆಗೆಯೋ ಕೇರಳದ ಫ್ಯಾಕ್ಟರಿಗಳಿಗೆ ಅದು ಬೇಕು, ಅವರಿಗೆ ನಮ್ಮ ಮಾರ್ಕೆಟ್ ಬೇಕು. ಅವರ ಹೆಸರಲ್ಲಿ ಬೇರೆ ದೇಶದ ಮಾಲು ಬಂದ್ರೆ ಮೊದಲು ಹೊಡೆತ ಬೀಳೋದು ಅವರಿಗೇ, ಆಮೇಲೆ ನಮಗೆ. ಒಪ್ಪಂದ ಹರಿದು ಹಾಕಿದ್ರೆ ಇಬ್ರೂ ಕೆಡ್ತೀವಿ, ಮೋಸ ಮಾಡೋನು ಇನ್ನೊಂದು ದಾರಿ ಹುಡುಕ್ಕೋತಾನೆ.

ಸಾರ್ಕ್ ಶೃಂಗಸಭೆ 2014ರಲ್ಲಿ ಕಠ್ಮಂಡುವಲ್ಲಿ ಆದ್ಮೇಲೆ ನಡೆದೇ ಇಲ್ಲ, ಹಾಗಾಗಿ ಎರಡು ದೇಶ ನೇರ ಕೂತು ಮಾತಾಡೋದೊಂದೇ ಉಳಿದಿರೋದು. 2023ರಲ್ಲಿ ಮತ್ತೆ ಶುರುವಾದ ಎಟ್ಕಾ (ಭಾರತ-ಲಂಕಾ ಆರ್ಥಿಕ, ತಾಂತ್ರಿಕ ಸಹಕಾರ ಒಪ್ಪಂದ) ಮಾತುಕತೇಲಿ ನಮ್ಮ ಸಂಸದರು ಈ ವಿಷಯ ಹಾಕಿಸ್ಲಿ. ನಮ್ಮ ಸ್ಪೈಸಸ್ ಬೋರ್ಡು, ಅವರ ರಫ್ತು ಕೃಷಿ ಇಲಾಖೆ ಇಬ್ರೂ ಸೇರಿ ಅಲ್ಲಿ ಎಷ್ಟು ಬೆಳೀತು, ಎಷ್ಟಕ್ಕೆ ಸರ್ಟಿಫಿಕೇಟ್ ಕೊಟ್ರು, ಇಲ್ಲಿ ಯಾವ ಬಂದರಿಗೆ ಎಷ್ಟು ಬಂತು ಅನ್ನೋದನ್ನ ಪ್ರತಿ ತಿಂಗಳು ತಾಳೆ ಹಾಕಿ ಎಲ್ಲರಿಗೂ ಕಾಣೋ ಹಾಗೆ ಪ್ರಕಟಿಸ್ಬೇಕು.

– ಒಬ್ಬ ಮೆಣಸು ಬೆಳೆಗಾರ, ಸಕಲೇಶಪುರ