ತೊಂಬತ್ತೈದನೆಯ ಹೆಣ: ಶ್ರೂಸ್‌ಬರಿಯಿಂದ ಅಮ್ಮನಿಗೆ

ಶ್ರೂಸ್‌ಬರಿ, ಇಂಗ್ಲೆಂಡ್

ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ಒಂದು ಪತ್ತೇದಾರಿ ಕಾದಂಬರಿಯ ಬಗ್ಗೆ ಅಷ್ಟು ಹೊತ್ತು ಜಗಳವಾಡುವಂಥದ್ದು ಏನಿದೆ ಎಂದು ಕೇಳಿದೆಯಲ್ಲ, ಅದನ್ನು ಫೋನಿನಲ್ಲಿ ಹೇಳಹೊರಟರೆ ನಡುವೆ ಅಪ್ಪ ಬಾಯಿ ಹಾಕುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಓದುಗರ ಗುಂಪು ಈ ಸಲ ಆರಿಸಿಕೊಂಡದ್ದು ಎಲಿಸ್ ಪೀಟರ್ಸ್ ಅವರ ಬ್ರದರ್ ಕ್ಯಾಡ್‌ಫೈಲ್ ಸರಣಿಯ ಎರಡನೆಯ ಕಾದಂಬರಿ, 1979ರಲ್ಲಿ ಬಂದ ‘ಒನ್ ಕಾರ್ಪ್ಸ್ ಟೂ ಮೆನಿ’. ಲೇಖಕಿಯ ನಿಜವಾದ ಹೆಸರು ಈಡಿತ್ ಪಾರ್ಜಿಟರ್. ಇದೇ ಶ್ರಾಪ್‌ಶೈರ್ ಸೀಮೆಯವರು, ಔಷಧದ ಅಂಗಡಿಯಲ್ಲಿ ಕೆಲಸ ಮಾಡಿದವರು, 1995ರಲ್ಲಿ ತೀರಿಕೊಂಡರು. ಅವರ ನಾಯಕ ಕ್ಯಾಡ್‌ಫೈಲ್ ವೇಲ್ಸ್‌ನವನು. ಪ್ರಾಯದಲ್ಲಿ ಧರ್ಮಯುದ್ಧಕ್ಕೆ ಹೋಗಿ, ಹಡಗು ನಡೆಸಿ, ಒಂದೆರಡು ಪ್ರೇಮಗಳನ್ನೂ ಮುಗಿಸಿ, ನಡುವಯಸ್ಸಿನಲ್ಲಿ ಇಲ್ಲಿನ ಬೆನೆಡಿಕ್ಟೈನ್ ಮಠ ಸೇರಿ ಗಿಡಮೂಲಿಕೆಯ ತೋಟ ನೋಡಿಕೊಳ್ಳುತ್ತಾನೆ. ಆ ಮಠದ ಚರ್ಚು ಈಗಲೂ ಇದೆ. ಉಳಿದ ಕಟ್ಟಡಗಳಿದ್ದ ಜಾಗವನ್ನು ಸೀಳಿಕೊಂಡು 1836ರಲ್ಲಿ ರಸ್ತೆ ಹಾಯಿತು. ಸನ್ಯಾಸಿಗಳು ಉಣ್ಣುವಾಗ ಒಬ್ಬ ನಿಂತು ಧರ್ಮಗ್ರಂಥ ಓದುತ್ತಿದ್ದ ಕಲ್ಲಿನ ಪೀಠವೊಂದು ಮಾತ್ರ ರಸ್ತೆಯಾಚೆ ಒಂಟಿಯಾಗಿ ಉಳಿದಿದೆ. ನಾನು ತರಕಾರಿಗೆ ಹೋಗುವ ದಾರಿ ಅದು.

ಕಥೆ 1138ರದು. ಸಿಂಹಾಸನಕ್ಕಾಗಿ ಸ್ಟೀಫನ್ ದೊರೆಗೂ ಅವನ ಸೋದರಸಂಬಂಧಿ ಮಟಿಲ್ಡಾಳಿಗೂ ಕದನ. ಶ್ರೂಸ್‌ಬರಿಯ ಕೋಟೆಯವರು ಅವಳ ಪಕ್ಷ. ಸ್ಟೀಫನ್ ಕೋಟೆ ಗೆದ್ದು, ಸಿಕ್ಕ 94 ಮಂದಿಯನ್ನು ನೇಣಿಗೆ ಹಾಕಿಸುತ್ತಾನೆ. ಇದು ಕಟ್ಟುಕಥೆಯಲ್ಲ, ಈ ಊರಿನ ಸಮೀಪವೇ ಹುಟ್ಟಿದ ಆರ್ಡರಿಕ್ ವಿಟಾಲಿಸ್ ಎಂಬ ಸನ್ಯಾಸಿ ಆ ಕಾಲದಲ್ಲೇ ಹೆಚ್ಚುಕಡಿಮೆ ಇದೇ ಲೆಕ್ಕ ಬರೆದಿಟ್ಟಿದ್ದಾನೆ. ಕಾದಂಬರಿಯಲ್ಲಿ ಶವಗಳಿಗೆ ಸಂಸ್ಕಾರ ಮಾಡಲು ಹೋದ ಕ್ಯಾಡ್‌ಫೈಲ್ ಎಣಿಸುತ್ತಾನೆ: 95. ಮತ್ತೆ ಎಣಿಸಿದರೂ ಅಷ್ಟೇ. ಒಬ್ಬನ ಕುತ್ತಿಗೆಯ ಮೇಲಿರುವುದು ನೇಣಿನ ಹಗ್ಗದ ಗುರುತಲ್ಲ, ಹಿಂದಿನಿಂದ ತೆಳ್ಳಗಿನ ದಾರ ಬಿಗಿದ ಗುರುತು. ಯಾರೋ ತಾನು ಕೊಂದವನನ್ನು ದೊರೆ ಕೊಂದವರ ರಾಶಿಯಲ್ಲಿ ಸೇರಿಸಿಬಿಟ್ಟಿದ್ದಾರೆ.

ಜಗಳ ಹತ್ತಿದ್ದು ಇಲ್ಲಿಯೇ. ನಿವೃತ್ತ ಇತಿಹಾಸದ ಮೇಷ್ಟ್ರೊಬ್ಬರು ಇದ್ದಾರೆ, ಅವರು ಕೆಂಡವಾಗಿದ್ದರು. ತೊಂಬತ್ನಾಲ್ಕು ಜನರನ್ನು ಕೊಲ್ಲಿಸಿದ ದೊರೆಯನ್ನು ಪುಸ್ತಕ ದುಡುಕಿನವನು, ಆದರೆ ಮನಸ್ಸು ಒಳ್ಳೆಯದು ಎಂಬಂತೆ ಚಿತ್ರಿಸುತ್ತದೆ, ಒಬ್ಬ ಕೊಲೆಗಾರ ಸಿಕ್ಕಿಬಿದ್ದರೆ ಎಲ್ಲ ಲೆಕ್ಕ ಚುಕ್ತಾ ಆಯಿತೇ ಎಂಬುದು ಅವರ ವಾದ. ಎದುರಿಗೆ ಕೂತಿದ್ದವರು ಆಸ್ಪತ್ರೆಯಲ್ಲಿ ದಾದಿಯಾಗಿ ಬಾಳು ಸವೆಸಿದವರು. ಅವರಿಗೆ ದೊರೆಯ ಗೊಡವೆಯೇ ಇಲ್ಲ. ಹೆಣಗಳನ್ನು ತೊಳೆದು, ಸಾಲಾಗಿ ಮಲಗಿಸಿ, ಊರಿನವರು ಬಂದು ತಮ್ಮವರನ್ನು ಗುರುತಿಸಲೆಂದು ಕಾಯುವ ಪುಟಗಳನ್ನು ಗಟ್ಟಿಯಾಗಿ ಓದಿದರು, ಪುಸ್ತಕ ಮುಚ್ಚಿಟ್ಟರು. ಅಷ್ಟೇ ಅವರ ಉತ್ತರ.

ನಾನು ದಾದಿಯ ಪಕ್ಷ. ರಾಶಿಯಲ್ಲಿ ಒಂದು ಹೆಣ ಬೇರೆಯದು ಎಂದು ತಿಳಿಯಬೇಕಾದರೆ ಉಳಿದ ತೊಂಬತ್ನಾಲ್ಕನ್ನೂ ಒಂದೊಂದಾಗಿ, ಮುಖ ತಿರುಗಿಸದೆ ನೋಡಲೇಬೇಕು. ಲೇಖಕಿ ಪತ್ತೇದಾರಿಯ ನೆಪದಲ್ಲಿ ನಮ್ಮಿಂದ ಆ ಕೆಲಸ ಮಾಡಿಸುತ್ತಾರೆ. ಮೇಷ್ಟ್ರು ದೊರೆಯ ಬಗ್ಗೆ ಹೇಳಿದ್ದು ಸುಳ್ಳಲ್ಲ, ಆದರೆ ಅವನಿಗೆ ಪುಸ್ತಕದಲ್ಲಿ ಅಷ್ಟು ಮಹತ್ವವೂ ಇಲ್ಲ.

ಇನ್ನೊಂದು ವಿಷಯಕ್ಕೆ ನಿನ್ನ ನೆನಪಾಯಿತು. ಕಥೆಯಲ್ಲಿ ಒಬ್ಬ ಯುವ ಜಹಗೀರುದಾರ ಬರುತ್ತಾನೆ. ಚುರುಕು ನಾಲಗೆ, ಬೆಕ್ಕಿನ ನಡಿಗೆ. ಕ್ಯಾಡ್‌ಫೈಲ್ ಒಂದು ಹೆಜ್ಜೆ ಇಟ್ಟರೆ ಇವನು ಎರಡು ಹೆಜ್ಜೆ ಮುಂದೆ. ಒಳ್ಳೆಯವನೋ ಕೆಟ್ಟವನೋ ಎಂದು ಗೊತ್ತಾಗದಿರುವುದೇ ಅರ್ಧ ಪುಸ್ತಕದ ಬಲ. ಹೊಸದಾಗಿ ಸೇರಿದ ಹುಡುಗನೊಬ್ಬ ಆ ಅನುಮಾನದಲ್ಲಿ ನಿದ್ದೆಗೆಟ್ಟು ಓದಿದನಂತೆ. ಮುಂದಿನ ಭಾಗಗಳನ್ನು ಮೊದಲೇ ಓದಿಕೊಂಡಿದ್ದವರಿಗೆ ಅವನು ಏನಾಗುತ್ತಾನೆ ಎಂಬುದು ಗೊತ್ತು. ಅವರೆಲ್ಲ ‘ನಡುವೆ ಸ್ವಲ್ಪ ನಿಧಾನ’ ಎಂದು ಆಕಳಿಸಿದರು. ಸರಣಿಯನ್ನು ಸಿಕ್ಕ ಸಿಕ್ಕ ಕಡೆಯಿಂದ ಓದುವುದೂ ನೀನು ಕೊನೆಯ ಪುಟದಿಂದ ಶುರುಮಾಡುವುದೂ ಒಂದೇ. ಬೈದುಕೋ, ಆದರೆ ಅವನ ಹೆಸರನ್ನೂ ನಾನು ಹೇಳುವುದಿಲ್ಲ.

ಮುಕ್ತಾಯ ಮಾತ್ರ ನಿನಗೆ ಹಿಡಿಸಲಿಕ್ಕಿಲ್ಲ. ಸಾಕ್ಷಿ ಕೈಗೆ ಬಂದಮೇಲೂ ತೀರ್ಪು ಬರುವುದು ಕತ್ತಿಯಿಂದ: ದೊರೆಗೆ ಬೇರೆ ಯುದ್ಧಕ್ಕೆ ಹೊರಡುವ ಅವಸರ, ಹಾಗಾಗಿ ದ್ವಂದ್ವಯುದ್ಧ. ಆ ಕಾಲದ ನ್ಯಾಯವೇ ಹಾಗಿತ್ತು ಎಂದು ಕೆಲವರು ಸಮರ್ಥಿಸಿಕೊಂಡರು. ಇರಬಹುದು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಬೆಳೆದ ನಿನಗೆ ಅಷ್ಟು ಸುಲಭದಲ್ಲಿ ಸಮಾಧಾನವಾಗದು, ನನಗೂ ಆಗಲಿಲ್ಲ. ಕ್ಯಾಡ್‌ಫೈಲ್‌ನ ಮನಸ್ಸು ಹನ್ನೆರಡನೆಯ ಶತಮಾನಕ್ಕೆ ಹೊಂದದಷ್ಟು ವಿಶಾಲ ಎಂಬ ಆಕ್ಷೇಪವೂ ಬಂತು. ಪ್ರತಿ ಪುಸ್ತಕದಲ್ಲೂ ಒಂದು ಪ್ರೇಮಿಗಳ ಜೋಡಿಯನ್ನು ಸೇರಿಸುವ ಚಾಳಿಗೆ ಎಲ್ಲರೂ ನಕ್ಕರು, ಯಾರೂ ಬೇಡವೆನ್ನಲಿಲ್ಲ. ಇವರ ಕ್ಯಾಡ್‌ಫೈಲ್ ಟಿವಿಗೆ ಬಂದಾಗ ಚಿತ್ರೀಕರಣ ಹಂಗೆರಿಯಲ್ಲಿ ನಡೆಯಿತೆಂಬ ಮುನಿಸು ಈ ಊರಿನವರಿಗೆ ಇನ್ನೂ ಆರಿಲ್ಲ.

ಊರಿಗೆ ಬರುತ್ತಿರುವ ಸಹೋದ್ಯೋಗಿಯ ಕೈಯಲ್ಲಿ ಎರಡು ಪುಸ್ತಕ ಕಳುಹಿಸುತ್ತಿದ್ದೇನೆ. ಇಂಗ್ಲಿಷ್ ಸ್ವಲ್ಪ ಹಳೆಯ ಧಾಟಿಯದು, ವಾಕ್ಯಗಳು ಉದ್ದ. ಮೊದಲ ಅಧ್ಯಾಯಕ್ಕೆ ತಾಳ್ಮೆ ಇರಲಿ. ಇದನ್ನು ಮುಗಿಸಿದ ಮೇಲೆಯೇ ಮೂರನೆಯದಾದ ‘ಮಾಂಕ್ಸ್‌ಹುಡ್’ ತೆರೆ. ಅದರಲ್ಲಿ ಕೀಲುನೋವಿಗೆ ಹಚ್ಚಲೆಂದು ಕ್ಯಾಡ್‌ಫೈಲ್ ಮಾಡಿಟ್ಟ ವತ್ಸನಾಭಿ ಎಂಬ ವಿಷದ ಗಿಡದ ತೈಲ ಯಾರದೋ ಊಟದ ತಟ್ಟೆ ಸೇರುತ್ತದೆ. ನಿನ್ನ ಮಂಡಿನೋವಿನ ಎಣ್ಣೆಯ ಶೀಶೆಯನ್ನು ಅಡುಗೆಮನೆಯ ಗೂಡಿನಿಂದ ತೆಗೆದು ಬೇರೆ ಕಡೆ ಇಡು ಎಂದು ನಾನು ಎಷ್ಟು ಸಲ ಹೇಳಿಲ್ಲ?

ನೀನು ಓದಿ ಮುಗಿಸುವವರೆಗೆ ಎರಡನ್ನೂ ಅಪ್ಪನ ಕೈಗೆ ಕೊಡಬೇಡ. ಕಾಫಿ ಕುಡಿಯುತ್ತಾ ಕೊಲೆಗಾರನ ಹೆಸರು ಹೇಳಿಬಿಡುತ್ತಾರೆ.

ನಿನ್ನ ಮಗಳು